ಪಿಕಪ್ ಟ್ರಕ್ ನಿಜವಾಗಿ ಎಷ್ಟು ಎಳೆಯುತ್ತದೆ? ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಲ್ಲಿಗೆ ಬಂದ ಹುಡುಗರಿಗೆ ಬೇಗನೇ ಪಿಕಪ್ ಟ್ರಕ್ ಮೇಲೆ ಕಣ್ಣು ಬೀಳುತ್ತದೆ. ಆಮೇಲೆ ಫೋನ್ ಬರುತ್ತದೆ: "ಅಣ್ಣಾ, ಇದು ಹನ್ನೊಂದು ಸಾವಿರ ಪೌಂಡ್ ಜಗ್ಗತದಂತ. ತಗೋಳ್ಲೇನು?" ತಗೊಳ್ಳಿ. ಆದರೆ ಮೊದಲು ಡ್ರೈವರ್ ಕಡೆಯ ಬಾಗಿಲು ತೆಗೆದು ನೋಡಿ.

ನಮ್ಮೂರಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿ ಹೊರಡುತ್ತಾರೆ. ಎಳೆದರೆ ಸಾಕು, ಲೆಕ್ಕ ಅಲ್ಲಿಗೆ ಮುಗೀತು. ಇಲ್ಲಿ ಹೈವೇ ವೇಗದಲ್ಲಿ ಓಡಿಸಬೇಕು. ಹಾಗಾಗಿ ಎಳೆಯುವಷ್ಟೇ ಮುಖ್ಯ, ಬ್ರೇಕ್ ಒತ್ತಿದಾಗ ನಿಲ್ಲುವುದು, ಟ್ರೇಲರ್ ಅಲ್ಲಾಡದೆ ಹಿಂದೆ ಬರುವುದು.

ಕಂಪನಿ ಹೇಳುವ ಅಂಕಿಯ ಹಿಂದೆ ಒಂದು ಪರೀಕ್ಷೆ ಇದೆ. ಹೆಸರು ಎಸ್‌ಎಇ ಜೆ2807, ವಾಹನ ಎಂಜಿನಿಯರುಗಳ ಸಂಘ (ಎಸ್‌ಎಇ) ಮಾಡಿದ್ದು. ಇದು ಸರ್ಕಾರದ ಕಾನೂನಲ್ಲ, ಕಂಪನಿಗಳು ತಾವಾಗಿ ಒಪ್ಪಿಕೊಂಡಿದ್ದು. ಮೊದಲೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಿದ್ದರು, ಹೋಲಿಸಿ ನೋಡುವುದಕ್ಕೆ ಅರ್ಥವೇ ಇರಲಿಲ್ಲ. 2011ರ ಮಾಡೆಲ್ ಟೊಯೊಟಾ ಟಂಡ್ರಾ ಮೊದಲು ಇದನ್ನು ಒಪ್ಪಿಕೊಂಡಿತು, ಅದರ ಅಂಕಿ ಆಗ ಇಳಿಯಿತು. ಫೋರ್ಡ್, ಜಿಎಂ, ರ‍್ಯಾಮ್ ಆಮೇಲೆ ಬಂದವು.

ಪರೀಕ್ಷೆ ಸುಲಭದ್ದಲ್ಲ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ತಿರ ಸುಮಾರು 18 ಕಿ.ಮೀ. ಉದ್ದದ ಏರು ರಸ್ತೆ ಇದೆ. ಅಲ್ಲಿ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ, ಎಸಿ ಫುಲ್ ಹಾಕಿಕೊಂಡು, ಟ್ರೇಲರ್ ಎಳೆಯುತ್ತಾ ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದಂತೆ ಹತ್ತಬೇಕು. ಸಮತಟ್ಟು ರಸ್ತೆಯಲ್ಲಿ 30 ಸೆಕೆಂಡಿನೊಳಗೆ 60 ಮೈಲಿ ವೇಗ ಮುಟ್ಟಬೇಕು. ಹಿಂದೆ ಜೋಡಿ ಟೈರ್ ಇರುವ ಟ್ರಕ್ಕಿಗೆ ಎರಡರಲ್ಲೂ ಸ್ವಲ್ಪ ರಿಯಾಯಿತಿ ಇದೆ. ಬ್ರೇಕ್, ಅಲುಗಾಟ ಕೂಡ ನೋಡುತ್ತಾರೆ.

ಇಷ್ಟೆಲ್ಲ ಮಾಡುವಾಗ ಟ್ರಕ್ಕಿನೊಳಗೆ ಲೆಕ್ಕಕ್ಕೆ ಹಿಡಿಯುವುದು ಎಷ್ಟು ಜನ? ಇಬ್ಬರೇ. ತಲಾ 150 ಪೌಂಡ್, ಅಂದರೆ 68 ಕಿಲೋ. ನಮ್ಮ ಸಂಸಾರ ಹಾಗೆ ಹೊರಡುವುದಿಲ್ಲ, ಅಲ್ವಾ?

ಈಗ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ. ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಕಿಲೋ, ಪೌಂಡ್ ಎರಡರಲ್ಲೂ ಬರೆದಿರುತ್ತದೆ. ಅದೇ ಪೇಲೋಡ್. ಟ್ರೇಲರ್‌ನ ಮೂತಿ ಹಿಚ್ (ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ತೂಕವೂ, ಅಂದರೆ ಟಂಗ್ ತೂಕವೂ, ಇದರಲ್ಲೇ ಸೇರುತ್ತದೆ. ಅದು ಟ್ರೇಲರ್ ತೂಕದ ಶೇ. 10ರಿಂದ 15 ಇರಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನ ಹಾಗೆ ಹೊರಳುತ್ತದೆ.

ಸ್ಟಿಕ್ಕರ್‌ನಲ್ಲಿ 1,600 ಪೌಂಡ್ ಇದೆ ಅಂದುಕೊಳ್ಳಿ. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು 600. ಬ್ಯಾಗು, ಐಸ್ ಡಬ್ಬಿ 150. ಹಿಚ್ ಸಾಮಾನು 50. ಉಳಿದದ್ದು 800. ಟಂಗ್ ತೂಕ ಶೇ. 13 ಹಿಡಿದರೆ ನೀವು ಎಳೆಯಬಹುದಾದ ಟ್ರೇಲರ್ ಸುಮಾರು 6,150 ಪೌಂಡ್. ಹನ್ನೊಂದು ಸಾವಿರ ಎಲ್ಲಿ, ಇದೆಲ್ಲಿ! ಎಂಜಿನ್‌ಗೆ ತಾಕತ್ತು ಇದೆ, ಆದರೆ ಪೇಲೋಡ್ ಮೊದಲೇ ಮುಗಿಯುತ್ತದೆ.

ಎರಡು ಟ್ರಕ್ ಹೋಲಿಸುವಾಗ ಮಾಡೆಲ್ ಹೆಸರು ಹೋಲಿಸಬೇಡಿ. ಫೋರ್ಡ್‌ನ ಒಂದೇ ಎಫ್-150ಯಲ್ಲಿ ಎಂಜಿನ್, ಆಕ್ಸಲ್ ರೇಶಿಯೋ (ಚಕ್ರ ತಿರುಗಿಸುವ ಗೇರಿನ ಅನುಪಾತ), ಕ್ಯಾಬ್, ಫೋರ್ ವೀಲ್ ಡ್ರೈವ್, ಟೋಯಿಂಗ್ ಪ್ಯಾಕೇಜ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸನ್‌ರೂಫ್, ದಪ್ಪ ಸೀಟು ಇರುವ ದುಬಾರಿ ಮಾಡೆಲ್‌ನಲ್ಲಿ ಪೇಲೋಡ್ ಕಡಿಮೆ ಇರುವುದೇ ಜಾಸ್ತಿ. ಅಂಗಡಿಯಲ್ಲಿ ನಿಂತಿರುವ ಆ ಒಂದು ಗಾಡಿಯ ಸ್ಟಿಕ್ಕರ್ ಫೋಟೋ ತೆಗೆದುಕೊಳ್ಳಿ. ಹಿಚ್ ಮೇಲೆ, ಟ್ರೇಲರ್ ಕೂರುವ ಬಾಲ್ ಮೇಲೆ ಕೂಡ ಮಿತಿ ಬರೆದಿರುತ್ತದೆ. ಎಲ್ಲಕ್ಕಿಂತ ಚಿಕ್ಕ ಅಂಕಿಯೇ ನಿಮ್ಮದು. ಟ್ರೇಲರ್‌ಗೆ ಬ್ರೇಕ್ ಎಷ್ಟು ತೂಕದಿಂದ ಕಡ್ಡಾಯ ಅನ್ನುವುದು ರಾಜ್ಯಕ್ಕೊಂದು ಥರ, ಹಲವು ಕಡೆ 3,000 ಪೌಂಡ್.

ಮೊದಲ ಸಲ ಎಲ್ಲ ತುಂಬಿಕೊಂಡು ಹೊರಟಾಗ ದಾರಿಯ ಟ್ರಕ್ ಸ್ಟಾಪ್‌ನಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ಕಾಟಾದ ಮೇಲೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ. ಮೀರಿದ್ದರೆ ಅಲ್ಲೇ ಸಾಮಾನು ಇಳಿಸಿ, ಮುಂದೆ ಹೋಗಬೇಡಿ.