ಸಂಗಾತಿ ಹೋದ ಮೇಲೆ ದಿನದೊಳಗಿನ ಸಣ್ಣ ಖುಷಿ ಹುಡುಕಿಕೊಳ್ಳುವುದು ಹೇಗೆ

ನಮ್ಮ ಮನೆಯಲ್ಲಿ ಬೆಳಗಿನ ಚಹಾ ಅವಸರದ್ದು, ಸಂಜೆ ನಾಲ್ಕೂವರೆಯದು ಕೂತು ಕುಡಿಯುವುದು. 2022ರ ಜೂನ್‌ನಲ್ಲಿ ನಮ್ಮನಿಯಾಕಿ ತೀರಿಕೊಂಡಳು. ಹದಿಮೂರನೇ ದಿನದ ಕಾರ್ಯ ಮುಗಿದು, ಬಂದ ಬಳಗವೆಲ್ಲ ಊರಿಗೆ ಹೋದ ಮೇಲೆ ನಾನೊಬ್ಬನೇ ಒಲೆ ಮುಂದೆ ನಿಂತೆ. ಕೈ ರೂಢಿಯಂತೆ ಎರಡು ಕಪ್ಪು ನೀರು ಅಳೆದಿತ್ತು. ಎರಡನೆಯದನ್ನು ಬಚ್ಚಲಿಗೆ ಸುರಿದೆ. ಹೀಗೆ ಹದಿನೈದು ಇಪ್ಪತ್ತು ದಿನ ಸುರಿದಿರಬೇಕು.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಫಿಟ್ಟರ್ ಆಗಿದ್ದವನು ನಾನು. ಬೋಗಿ ರಿಪೇರಿಗೆ ಬಂದರೆ, ಸದ್ದು ಎಲ್ಲಿಂದ ಬರುತ್ತದೆ ಅಂತ ಮೊದಲು ಕಿವಿಗೊಟ್ಟು ಕೇಳುತ್ತಿದ್ದೆವು, ಆಮೇಲೇ ಪಾನಾ ಕೈಗೆತ್ತಿಕೊಳ್ಳುವುದು. ಜೋಡಿ ಕಳೆದುಕೊಂಡವರಿಗೂ ನಾನು ಮೊದಲು ಇದನ್ನೇ ಹೇಳುತ್ತೇನೆ. ನಿಮ್ಮ ದಿನದ ಕೆಟ್ಟ ಹೊತ್ತು ಯಾವುದು ಅಂತ ಗುರುತು ಹಚ್ಚಿಕೊಳ್ಳಿ. ದುಃಖ ದಿನವಿಡೀ ಒಂದೇ ಸಮ ಇರುವುದಿಲ್ಲ. ಒಬ್ಬರಿಗೆ ಬೆಳಗಿನ ಎಚ್ಚರ ಕಷ್ಟ, ಇನ್ನೊಬ್ಬರಿಗೆ ರಾತ್ರಿ ಬಾಗಿಲ ಚಿಲಕ ಹಾಕುವ ಹೊತ್ತು. ಒಂದು ವಾರ ಕ್ಯಾಲೆಂಡರಿನಲ್ಲಿ ಬರೆದಿಡಿ, ತಾನೇ ಕಾಣಿಸುತ್ತದೆ. ಇಡೀ ದಿನವನ್ನು ನೆಟ್ಟಗೆ ಮಾಡಲು ಹೋಗಬೇಡಿ. ಆ ಅರ್ಧ ತಾಸಿಗೆ ಮಾತ್ರ ಒಂದು ಕೆಲಸ ಹಚ್ಚಿಕೊಳ್ಳಿ, ಅದರಲ್ಲಿ ಇನ್ನೊಂದು ಮನುಷ್ಯಮುಖ ಇರಲಿ.

ನನ್ನ ಮಗಳು ಫೋನಿನಲ್ಲಿ "ಅಪ್ಪಾ, ಸಣ್ಣ ಪಾತ್ರಿ ತೊಗೊಂಡು ಒಂದ ಕಪ್ಪು ಮಾಡ್ಕೋರಿ" ಅಂದಿದ್ದಳು. ಮನಸ್ಸು ಒಪ್ಪಲಿಲ್ಲ. ನಮ್ಮ ಓಣಿಯ ಮೂಲೆಗೆ ಒಂದು ಇಸ್ತ್ರಿ ಅಂಗಡಿ ಇದೆ. ಒಂದು ದಿನ ಎರಡನೆಯ ಕಪ್ಪು-ಬಸಿಯನ್ನು ಅಲ್ಲಿಗೆ ಒಯ್ದೆ. ಆತ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟ, ಚಹಾ ಬಸಿಗೆ ಸುರುವಿಕೊಂಡ, ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. "ಯಜಮಾನ್ರ, ಸಿಟ್ಟಾಗಬ್ಯಾಡ್ರಿ, ಸಕ್ಕರಿ ಭಾಳ ಆಗೇದ್ರಿ" ಅಂದ. ನಾನು ಮಾಡಿದ ಚಹಾಕ್ಕೆ ನಮ್ಮಾಕಿ 38 ವರ್ಷ ಹೇಳಿದ್ದು ಅದೇ ಮಾತು. ನನಗೆ ನಗು ಬಂತು. ಅವಳು ಹೋದ ಮೇಲೆ ಬಂದ ಮೊದಲ ನಗು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ತಿಂಗಳು ತುಂಬಿಲ್ಲ, ಹೇಗೆ ನಕ್ಕೆ? ಈ ಪ್ರಶ್ನೆ ನಿಮಗೂ ಬಂದೇ ಬರುತ್ತದೆ, ಅದಕ್ಕೆ ಸಿದ್ಧರಿರಿ. ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಇಬ್ಬರು ಮನೋವಿಜ್ಞಾನಿಗಳು 1999ರಲ್ಲಿ ಬರೆದದ್ದನ್ನು ಮುಂದೆ ಮಗಳು ಓದಿ ಹೇಳಿದಳು. ಅಗಲಿದವರ ನೆನಪಿನಲ್ಲಿ ಮುಳುಗುವುದು, ಹೊಸ ಬದುಕಿನ ಕೆಲಸಕ್ಕೆ ಏಳುವುದು, ಈ ಎರಡರ ನಡುವೆ ಮನಸ್ಸು ಹೋಗಿ ಬಂದು ಮಾಡುತ್ತದೆ. ಆ ಓಡಾಟವೇ ಚೇತರಿಕೆಯ ದಾರಿ, ನಡುನಡುವೆ ದುಃಖಕ್ಕೆ ಬಿಡುವು ಬೇಕೇ ಬೇಕು ಎಂಬುದು ಅವರ ಮಾತು. ನನಗೆ ಪಂಚಮಿಯ ಜೋಕಾಲಿ ಕಣ್ಮುಂದೆ ಬಂತು. ಹಿಂದಕ್ಕೆ ಹೋಗದೆ ಯಾವ ಜೋಕಾಲಿ ಮುಂದಕ್ಕೆ ಬಂದೀತು? ನಾನು ಮಾಡಿದ್ದು ಇಷ್ಟೇ. ಮರುದಿನ ಅವಳ ಫೋಟೋದ ಮುಂದೆ ನಿಂತು, ಇಸ್ತ್ರಿಯವ ಅಂದದ್ದನ್ನು ಬಾಯಿಬಿಟ್ಟು ಹೇಳಿದೆ. ಇವತ್ತಿಗೂ ನಗು ತಂದದ್ದನ್ನೆಲ್ಲ ಹೇಳುತ್ತೇನೆ. ನೀವೂ ಹೇಳಿ ನೋಡಿ, ಎದೆಯ ಭಾರ ಇಳಿಯುತ್ತದೆ.

ಅವರ ಸಾಮಾನೆಲ್ಲ ತೆಗೆದುಹಾಕಿ ಅಂತ ಕೆಲವರು ಹೇಳುತ್ತಾರೆ, ಏನನ್ನೂ ಮುಟ್ಟಬೇಡಿ ಅಂತ ಕೆಲವರು. ಎರಡೂ ನನಗೆ ಒಗ್ಗಲಿಲ್ಲ. ಅರ್ಧ ಅವರದ್ದು, ಅರ್ಧ ಹೊಸದು ಇರುವಂಥ ಕೆಲಸದಲ್ಲಿ ಖುಷಿ ಬೇಗ ಸಿಗುತ್ತದೆ ಅನ್ನುವುದು ನಾನು ಕಂಡುಕೊಂಡದ್ದು. ಚಹಾ ಅವಳ ಹೊತ್ತಿನದು, ಕುಡಿಯುವವ ಹೊಸಬ.

ಅಡುಗೆಯಲ್ಲೂ ಹಾಗೇ. ಅವಳ ಅಡುಗೆಯೆಲ್ಲ ಕಲಿಯುತ್ತೇನೆ ಅಂತ ಹಟ ಹಿಡಿಯಬೇಡಿ, ಒಂದನ್ನು ಆರಿಸಿಕೊಳ್ಳಿ. ರೊಟ್ಟಿ ಬಡಿಯುವುದು ನನ್ನ ಕೈಗೆ ಬರಲಿಲ್ಲ, ಖಡಕ್ ರೊಟ್ಟಿ ನಮ್ಮಲ್ಲಿ ಅಂಗಡಿಯಲ್ಲೇ ಸಿಗುತ್ತವೆ. ನಾನು ಆರಿಸಿಕೊಂಡದ್ದು ಶೇಂಗಾ ಚಟ್ನಿ. ಅರ್ಧ ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಏಳುವ ತನಕ ಹುರಿಯಬೇಕು. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ ಹಾಕಿ ಒರಳಿನಲ್ಲಿ ಕುಟ್ಟಬೇಕು. ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಮತ್ತೆ ಕುಟ್ಟುವ ಸುಖವೂ ಇಲ್ಲ. ತೋಳು ನೋಯುವ ತನಕ ಕುಟ್ಟುವಾಗ ತಲೆಯಲ್ಲಿ ಬೇರೆ ಯೋಚನೆ ಉಳಿಯುವುದಿಲ್ಲ. ಬೆಳ್ಳುಳ್ಳಿ ಜಜ್ಜಿದ ಕ್ಷಣಕ್ಕೆ ಅಡುಗೆಮನೆ ಅವಳಿದ್ದಾಗಿನ ವಾಸನೆಯಿಂದ ತುಂಬುತ್ತದೆ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು, ಬರಲಿ. ಅವಳು ಹಾಕುವಷ್ಟು ಖಾರ ನನಗೆ ಆಗದು, ಅರ್ಧ ಹಾಕಿ ಸ್ವಲ್ಪ ಒಣಕೊಬ್ಬರಿ ಸೇರಿಸುತ್ತೇನೆ. ಈಗ ಅದು ನಮ್ಮಿಬ್ಬರ ಚಟ್ನಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳದೆ ಇರಲಾರೆ. ಹೆಂಡತಿ ಸತ್ತ ನನಗೆ ಊರೆಲ್ಲ ಊಟ ಕಳಿಸಿತು. ಗಂಡ ಸತ್ತಾಗ ನಮ್ಮ ಅಕ್ಕನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಅವಳ ಬಳೆ, ಹೂವು ಕಳೆದದ್ದಷ್ಟೇ ಅಲ್ಲ, ಪಂಚಮಿಯ ಜೋಕಾಲಿಗೂ ಆಮೇಲೆ ಯಾರೂ ಕರೆಯಲಿಲ್ಲ. ನಾನೂ ಕರೆದಿರಲಿಲ್ಲ. ವರ್ಷದ ಸೂತಕ ಕಳೆದು 2023ರ ಪಂಚಮಿಗೆ ಹಿತ್ತಲ ಬೇವಿನ ಮರಕ್ಕೆ ಹಗ್ಗ ಕಟ್ಟಿದೆ. ಅಕ್ಕನನ್ನು ಕರೆತಂದು ಕೂರಿಸಿದೆ. "ಈ ವಯಸ್ಸಿನ್ಯಾಗ ಏನೋ ತಮ್ಮಾ ಇದು" ಅನ್ನುತ್ತಲೇ ಹಗ್ಗ ಗಟ್ಟಿ ಹಿಡಿದಳು. ನಾಲ್ಕು ಸಲ ಜೀಕಿದ ಮೇಲೆ "ಇನ್ನೂ ಜೋರ ತೂಗು" ಅಂದಳು. ನಿಮ್ಮ ಮನೆಯ ಅರಿಷಿಣ-ಕುಂಕುಮಕ್ಕೆ, ಜೋಕಾಲಿಗೆ, ಉಂಡಿ ಕಟ್ಟುವ ಕೆಲಸಕ್ಕೆ ಅಂಥವರನ್ನು ಮೊದಲು ಕರೆಯಿರಿ. ಅವರು ತಾವಾಗಿ ಬರುವುದಿಲ್ಲ, ಬರಬಾರದು ಅಂತ ಅವರಿಗೆ ಕಲಿಸಿಟ್ಟಿದ್ದೇವೆ.

ಇಷ್ಟೆಲ್ಲ ಮಾಡಿದರೂ ಏನೂ ಹಿಡಿಸದೆ ಹೋಗಬಹುದು. ಆರು ತಿಂಗಳು ದಾಟಿದ ಮೇಲೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ದಿನದ ಕೆಲಸವೇ ನಡೆಯದಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಮಾತು ನೆಚ್ಚಿಕೊಂಡು ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇಂಥ ದೀರ್ಘಶೋಕವೂ ಸೇರಿದೆ, ಚಿಕಿತ್ಸೆ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆಸ್ಪತ್ರೆ ಇದೆ. ಸಾಯುವ ಯೋಚನೆ ಬಂದರಂತೂ ಆರು ತಿಂಗಳು ಕಾಯುವ ಮಾತೇ ಇಲ್ಲ. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ಉಪಾಯ, ನನಗೆ ಬಹಳ ಕೊಟ್ಟದ್ದು. ಅಗಲಿದವರಿಗೆ ಸೇರಿದ, ಆದರೆ ನೀವಿಬ್ಬರೂ ಕೂಡಿ ನೋಡದೆ ಉಳಿದ ಜಾಗ ಒಂದು ಇದ್ದೇ ಇರುತ್ತದೆ. ಅಲ್ಲಿಗೆ ಹೋಗಿ. ದಿನವೂ ಕೂಡಿ ಅಡ್ಡಾಡಿದ ಉಣಕಲ್ ಕೆರೆ ದಂಡೆಯಲ್ಲಿ ನನಗೆ ಮೊದಲ ವರ್ಷ ಕಾಲಿಡಲಾಗಲಿಲ್ಲ. ನಮ್ಮಾಕಿಯ ತವರು ಗದಗ ಜಿಲ್ಲೆಯಲ್ಲಿ, ಶಿರಹಟ್ಟಿ ತಾಲೂಕಿನ ಮಾಗಡಿಯ ಹತ್ತಿರ. ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಕೆರೆ-ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮದುವೆ, ಹಬ್ಬ ಅಂತ 38 ವರ್ಷ ಆ ಊರಿಗೆ ಹೋಗಿ ಬಂದವನು ಒಮ್ಮೆಯೂ ಕೆರೆಯ ಕಡೆ ತಿರುಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಹೋದೆ. ಹೆಂಡತಿಯ ತಮ್ಮ ಸೈಕಲ್ ಮೋಟರಿನ ಮೇಲೆ ಕರೆದೊಯ್ದ. ಕೆರೆಯ ಏರಿಯ ಮೇಲೆ ರೊಟ್ಟಿ, ಚಟ್ನಿ ಬಿಚ್ಚಿಕೊಂಡು ಕೂತೆವು. ಬೂದಿಬಣ್ಣದ ಹಕ್ಕಿಗಳು, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ನೀರಿನ ತುಂಬ. ಸುತ್ತಲಿನ ಹೊಲಗಳಲ್ಲೂ ಇವು ಮೇಯುತ್ತವಂತೆ.

ಅವನು ರೊಟ್ಟಿ ಮುರಿಯುತ್ತ, "ಅಕ್ಕ ಸಣ್ಣಾಕಿದ್ದಾಗ ನಮ್ಮ ಕಡ್ಲಿ ಹೊಲ ಕಾಯಾಕ ಬರ್ತಿದ್ಲ್ರೀ ಮಾವಾ" ಅಂದ. "ಆಕಿ ಕವಣಿ ಬೀಸಿದ್ಲಂದ್ರ ಹೊಲದಾಗಿನ ಹಕ್ಕಿ ಅಷ್ಟೂ ಎದ್ದು ಹಾರತಿದ್ದೂ. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. "ಕವಣಿ ಹೆಂಗ ಬೀಸತಿದ್ಲು, ತೋರಸು" ಅಂದೆ. ಅವನು ತಲೆಯ ಟವೆಲ್ ಬಿಚ್ಚಿ, ಮಡಚಿ, ಎದ್ದು ನಿಂತು ತೋರಿಸಿದ.