ವೈ-ಫೈ ವೇಗ ಎಲ್ಲಿ ಸೋರುತ್ತಿದೆ? ಕೇಬಲ್ ಹಿಡಿದು ಹುಡುಕಿ

ರೂಟರ್‌ಗೆ ಕೇಬಲ್ ಸಿಕ್ಕಿಸಿದ ಕಂಪ್ಯೂಟರ್‌ನಲ್ಲಿ 300 ಎಂಬಿಪಿಎಸ್ (ಸೆಕೆಂಡಿಗೆ 300 ಮೆಗಾಬಿಟ್) ಬರುತ್ತದೆ. ಅದೇ ಮನೆಯ ಮೂಲೆಯ ಕೋಣೆಯಲ್ಲಿ ಫೋನ್ ಹಿಡಿದು ಅಳೆದರೆ 40 ದಾಟುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇಂಟರ್‌ನೆಟ್ ಕಂಪನಿಗೆ ದೂರು ಕೊಡುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಪ್ಲ್ಯಾನ್‌ಗೆ ಹಣ ಕಟ್ಟುತ್ತಾರೆ. ಎರಡೂ ವ್ಯರ್ಥ. ಮನೆಯೊಳಗಿನ ಕೊನೆಯ ಹತ್ತು ಮೀಟರ್‌ನಲ್ಲಿ ಸೋರುವ ವೇಗವನ್ನು ಹೊರಗಿನ ಲೈನ್ ಹಿಗ್ಗಿಸಿ ತುಂಬಿಕೊಡಲು ಆಗುವುದಿಲ್ಲ. ಎಲ್ಲಿ ಸೋರುತ್ತಿದೆ ಎಂದು ಅಳೆದು ನೋಡಬೇಕು. ಏಕೆ ಸೋರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅಳತೆಯ ಅಂಕಿಗಳು ತಾವೇ ಮಾತಾಡುತ್ತವೆ.

ಗಾಳಿಯಲ್ಲಿ ಸರದಿ ಕಾಯಲೇಬೇಕು

ಈಥರ್ನೆಟ್ ಕೇಬಲ್‌ನೊಳಗೆ ಎಂಟು ತಂತಿಗಳ ನಾಲ್ಕು ಜೋಡಿ ಇರುತ್ತವೆ. ಗಿಗಾಬಿಟ್ ಸಂಪರ್ಕದಲ್ಲಿ ಈ ನಾಲ್ಕೂ ಜೋಡಿಗಳು ಏಕಕಾಲಕ್ಕೆ ಎರಡೂ ದಿಕ್ಕಿಗೆ ಡೇಟಾ ಸಾಗಿಸುತ್ತವೆ. ಆ ಕೇಬಲ್ ಪೂರ್ತಿ ಒಂದೇ ಕಂಪ್ಯೂಟರ್‌ಗೆ ಮೀಸಲು. ವೈ-ಫೈನಲ್ಲಿ ಈ ಸೌಕರ್ಯವಿಲ್ಲ. ಒಂದು ಚಾನೆಲ್‌ನಲ್ಲಿ, ಅಂದರೆ ರೇಡಿಯೊ ಅಲೆಗಳ ಒಂದು ಪಟ್ಟಿಯಲ್ಲಿ, ರೂಟರ್ ಕಳಿಸುವಾಗ ಫೋನ್ ಸುಮ್ಮನಿರಬೇಕು, ಫೋನ್ ಕಳಿಸುವಾಗ ಲ್ಯಾಪ್‌ಟಾಪ್ ಕಾಯಬೇಕು. ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದೂ ಇದೇ ಸರದಿಯಲ್ಲಿ ನಿಲ್ಲುತ್ತದೆ. ವೈ-ಫೈ 6 ರೂಟರ್‌ಗಳು ಚಾನೆಲನ್ನು ಹೋಳು ಮಾಡಿ ಹಲವು ಸಾಧನಗಳಿಗೆ ಒಟ್ಟಿಗೆ ಹಂಚಬಲ್ಲವು, ನಿಜ. ಹಂಚಿಕೆ ಜಾಣತನದ್ದಾಯಿತೇ ಹೊರತು ಹಂಚಿಕೊಳ್ಳಬೇಕಾದ ಗಾಳಿ ಅಷ್ಟೇ ಇದೆ.

ಒಂದೇ ಒಂದು ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಹೇಗೆ ಹೋಗುತ್ತದೆ ಎಂದು ನೋಡಿ. 1500 ಬೈಟ್‌ನ ಪ್ಯಾಕೆಟ್ ಎಂದರೆ 12,000 ಬಿಟ್. 866 ಎಂಬಿಪಿಎಸ್ ಲಿಂಕ್‌ನಲ್ಲಿ (ಸಾಧನ ಮತ್ತು ರೂಟರ್ ನಡುವಿನ ಸಂಪರ್ಕದಲ್ಲಿ) ಇದನ್ನು ಕಳಿಸಲು ಸುಮಾರು 14 ಮೈಕ್ರೋಸೆಕೆಂಡ್ ಸಾಕು. ಆದರೆ ಕಳಿಸುವ ಮುನ್ನ ಚಾನೆಲ್ ಖಾಲಿ ಇದೆಯೇ ಎಂದು ಆಲಿಸಬೇಕು. 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ (ವೈ-ಫೈ ಬಳಸುವ ಆವರ್ತನ ಪಟ್ಟಿ; ಇನ್ನೊಂದು 2.4 ಗಿಗಾಹರ್ಟ್ಸ್) ಸಾಮಾನ್ಯ ಡೇಟಾಕ್ಕೆ ಇದು 43 ಮೈಕ್ರೋಸೆಕೆಂಡ್‌ಗಳ ಕಡ್ಡಾಯ ಕಾಯುವಿಕೆ. ಬಳಿಕ 0ಯಿಂದ 15ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿ, ಸಂಖ್ಯೆಯೊಂದಕ್ಕೆ 9 ಮೈಕ್ರೋಸೆಕೆಂಡ್‌ನಂತೆ ಮತ್ತೆ ಕಾಯಬೇಕು. ಸರಾಸರಿ ಲೆಕ್ಕದಲ್ಲಿ ಇದಕ್ಕೆ 67 ಮೈಕ್ರೋಸೆಕೆಂಡ್ ಹೋಗುತ್ತದೆ. ಪ್ಯಾಕೆಟ್ ಹೋದ ಮೇಲೆ 16 ಮೈಕ್ರೋಸೆಕೆಂಡ್ ಬಿಡುವು, ಆಮೇಲೆ ‘ತಲುಪಿತು’ ಎಂದು ರೂಟರ್‌ನಿಂದ ಬರುವ ಸ್ವೀಕೃತಿ. 14ರ ಕೆಲಸಕ್ಕೆ 100ಕ್ಕೂ ಹೆಚ್ಚು ಕಾಯುವಿಕೆ! ಇದನ್ನು ತಪ್ಪಿಸಲೆಂದೇ ಈಗಿನ ಸಾಧನಗಳು ಹತ್ತಾರು ಪ್ಯಾಕೆಟ್‌ಗಳನ್ನು ಒಂದೇ ಕಟ್ಟು ಮಾಡಿ ಕಳಿಸುತ್ತವೆ. ಹಾಗಿದ್ದೂ ಲಿಂಕ್ ವೇಗದ ಅರ್ಧದಿಂದ ಮೂರನೇ ಎರಡರಷ್ಟು ಕೈಗೆ ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೇ. 1000 ಎಂಬಿಪಿಎಸ್ ಕೇಬಲ್‌ನಲ್ಲಿ ಸುಮಾರು 940 ಸಿಗುತ್ತದೆ.

ಎರಡು ಸಾಧನ ಒಟ್ಟಿಗೆ ಕಳಿಸಿದರೆ ಎರಡರ ಡೇಟಾವೂ ಕೆಡುತ್ತದೆ. ತನ್ನದೇ ರೇಡಿಯೊದ ಅಬ್ಬರದಲ್ಲಿ ಬೇರೆಯದು ಕೇಳಿಸದ ಕಾರಣ, ಡಿಕ್ಕಿಯಾಗಿರಬಹುದು ಎಂಬುದು ಸ್ವೀಕೃತಿ ಬಾರದೆ ಹೋದಾಗಷ್ಟೇ ಗೊತ್ತಾಗುವುದು. ಆಗ ಚೀಟಿಯ ಮಿತಿ 15ರಿಂದ 31ಕ್ಕೆ, 63ಕ್ಕೆ ಹೀಗೆ ಏರುತ್ತಾ ಹೋಗುತ್ತದೆ. ಅಕ್ಕಪಕ್ಕದಲ್ಲಿ ಹತ್ತಾರು ರೂಟರ್‌ಗಳಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ರಾತ್ರಿ ಹೊತ್ತು ವೇಗ ಕುಸಿಯಲು ಇದೊಂದು ದೊಡ್ಡ ಕಾರಣ.

ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಸಂಗತಿಯಿದೆ. ಸಿಗ್ನಲ್ ಕ್ಷೀಣಿಸಿದಷ್ಟೂ ಸಾಧನ ತನ್ನ ಲಿಂಕ್ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೂಲೆಯ ಕೋಣೆಯಲ್ಲಿ 26 ಎಂಬಿಪಿಎಸ್‌ಗೆ ಇಳಿದ ಫೋನ್ ಒಂದು ಫೋಟೊ ಕಳಿಸಲು, 866ರಲ್ಲಿರುವ ಲ್ಯಾಪ್‌ಟಾಪ್‌ಗಿಂತ ಸುಮಾರು 33 ಪಟ್ಟು ಹೆಚ್ಚು ಹೊತ್ತು ಚಾನೆಲ್ ಹಿಡಿದಿಡುತ್ತದೆ. ನಿಧಾನವಾಗಿರುವುದು ಆ ಒಂದು ಫೋನ್, ನಷ್ಟ ಮಾತ್ರ ಮನೆಯವರಿಗೆಲ್ಲ.

ಅಳೆಯುವ ಕ್ರಮ

ಮೊದಲ ಅಳತೆ ಕೇಬಲ್‌ನದ್ದೇ ಆಗಬೇಕು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲನ್ನು ರೂಟರ್‌ನ ಲ್ಯಾನ್ ಪೋರ್ಟ್‌ಗೂ (ಮನೆಯ ಸಾಧನಗಳನ್ನು ಜೋಡಿಸುವ ಕಿಂಡಿ) ಕಂಪ್ಯೂಟರ್‌ಗೂ ಹಾಕಿ, ಕಂಪ್ಯೂಟರ್‌ನ ವೈ-ಫೈ ಆಫ್ ಮಾಡಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಈಥರ್ನೆಟ್ ವಿಭಾಗದಲ್ಲಿ ಲಿಂಕ್ ವೇಗ ಕಾಣುತ್ತದೆ. ಅಲ್ಲಿ 1000 ಬದಲು 100 ಎಂದಿದ್ದರೆ ಅಲ್ಲೇ ನಿಲ್ಲಿ. ಒಂದೋ ರೂಟರ್‌ನ ಅಥವಾ ಕಂಪ್ಯೂಟರ್‌ನ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್‌ನಲ್ಲಿ ತಂತಿ ತುಂಡಾಗಿದೆ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್‌ಗಳಷ್ಟೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ 4, 5, 7, 8ರಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಅಂಥ ಕೇಬಲ್‌ನಲ್ಲಿ 95ಕ್ಕಿಂತ ಹೆಚ್ಚು ಸಿಗದು. ವೈ-ಫೈಗಿಂತ ಕೇಬಲ್ಲೇ ನಿಧಾನ ಎಂಬ ದೂರು ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಲಿಂಕ್ 1000 ಇದೆ ಎಂದಾದರೆ ಒಂದೇ ಸರ್ವರ್ ಆರಿಸಿಕೊಂಡು ವೇಗ ಪರೀಕ್ಷೆಯನ್ನು ಮೂರು ಸಲ ನಡೆಸಿ, ನಡುವಿನ ಅಂಕಿ ಬರೆದಿಟ್ಟುಕೊಳ್ಳಿ. ಇಲ್ಲೇ ಪ್ಲ್ಯಾನ್‌ಗಿಂತ ತೀರಾ ಕಡಿಮೆ ಬಂದರೆ ಮಾತ್ರ ಕಂಪನಿಗೆ ದೂರು ಕೊಡಲು ಅರ್ಥವಿದೆ. ಆ್ಯಪ್‌ನಲ್ಲಿ ಕಾಣುವುದು ಮೆಗಾಬಿಟ್. ಡೌನ್‌ಲೋಡ್ ಪಟ್ಟಿಯಲ್ಲಿ ಕಾಣುವುದು ಸಾಮಾನ್ಯವಾಗಿ ಮೆಗಾಬೈಟ್, ಅಂದರೆ ಅದರ ಎಂಟನೇ ಒಂದು ಭಾಗ. 100 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಇಳಿಯುತ್ತಿದ್ದರೆ ಎಲ್ಲವೂ ಸರಿಯಿದೆ ಎಂದೇ ಅರ್ಥ.

ಈಗ ಕೇಬಲ್ ತೆಗೆದು, ಅದೇ ಕಂಪ್ಯೂಟರನ್ನು ರೂಟರ್‌ನಿಂದ ಎರಡು ಮೂರು ಮೀಟರ್ ದೂರದಲ್ಲಿಟ್ಟು, 5 ಗಿಗಾಹರ್ಟ್ಸ್‌ನಲ್ಲಿ ಅಳೆಯಿರಿ. ಆಮೇಲೆ ಒಂದೊಂದೇ ಕೋಣೆಗೆ ಹೋಗಿ. ವೇಗದ ಜೊತೆಗೆ ಸಿಗ್ನಲ್ ಬಲವನ್ನೂ ಗುರುತು ಮಾಡಿಕೊಳ್ಳಿ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ವೈ-ಫೈ ಚಿಹ್ನೆ ಕ್ಲಿಕ್ ಮಾಡಿದರೆ ಅದು ಕಾಣುತ್ತದೆ, ಆಂಡ್ರಾಯ್ಡ್‌ನಲ್ಲಿ ವೈ-ಫೈ ಅನಲೈಸರ್ ಬಗೆಯ ಆ್ಯಪ್ ಬೇಕು. ಡಿಬಿಎಂ ಎಂಬುದು ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. -50 ಡಿಬಿಎಂ ಎಂದರೆ ಬಹಳ ಚೆನ್ನಾಗಿದೆ, -67ರವರೆಗೆ ವಿಡಿಯೊ ಕಾಲ್‌ಗೆ ಅಡ್ಡಿಯಿಲ್ಲ, -75 ದಾಟಿದರೆ ತಡವರಿಕೆ ಶುರು. ಪ್ರತಿ 3 ಡಿಬಿ ಇಳಿಕೆಗೂ ಶಕ್ತಿ ಅರ್ಧವಾಗುತ್ತದೆ. -50ರಿಂದ -70ಕ್ಕೆ ಇಳಿದರೆ ಉಳಿಯುವುದು ನೂರರಲ್ಲಿ ಒಂದು ಪಾಲು.

ರೂಟರ್ ಹತ್ತಿರವೇ ವೇಗ ಕಡಿಮೆ ಇದ್ದರೆ ಸೆಟ್ಟಿಂಗ್, ಚಾನೆಲ್ ಅಥವಾ ಸಾಧನದ ತೊಂದರೆ. ಹತ್ತಿರ ಚೆನ್ನಾಗಿದ್ದು ಕೋಣೆಯಲ್ಲಿ ಕುಸಿದರೆ ಗೋಡೆ ಮತ್ತು ದೂರದ ತೊಂದರೆ. ಸಿಗ್ನಲ್ ಬಲವಾಗಿದ್ದೂ ವೇಗವಿಲ್ಲದಿದ್ದರೆ ಚಾನೆಲ್‌ನಲ್ಲಿ ಗದ್ದಲವಿದೆ.

ಸರಿಪಡಿಸುವುದು

ರೂಟರ್‌ನ ಜಾಗದಿಂದ ಶುರು ಮಾಡಿ. ಬೇರಾವ ಸೆಟ್ಟಿಂಗ್ ಬದಲಾವಣೆಗಿಂತಲೂ ಇದರ ಫಲ ದೊಡ್ಡದು. ಮನೆಯ ನಡುಭಾಗದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ನೀರಿನ ಟ್ಯಾಂಕ್ ಇವುಗಳ ಹಿಂದೆ ಬೇಡ. ಲೋಹ ರೇಡಿಯೊ ಅಲೆಯನ್ನು ತಿರುಗಿಸಿ ಕಳಿಸುತ್ತದೆ, ನೀರು ಹೀರುತ್ತದೆ. ಸರಳು ಹಾಕಿದ ಕಾಂಕ್ರೀಟ್ ಗೋಡೆ 5 ಗಿಗಾಹರ್ಟ್ಸ್‌ಗೆ ದೊಡ್ಡ ಅಡ್ಡಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಪಕ್ಕದಲ್ಲಿದ್ದರೆ ಅದನ್ನೂ ದೂರ ಸರಿಸಿ, ಅದು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಹೊರಸೂಸುತ್ತದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಟ್ಟು 1, 6, 11ರಲ್ಲಿ ಒಂದನ್ನು ಆರಿಸಿ. 3 ಅಥವಾ 4 ಖಾಲಿ ಕಂಡರೂ ಬೇಡ, ಅಲ್ಲಿ ನಿಂತರೆ ಎರಡೂ ಬದಿಯವರ ಗದ್ದಲ ಬೀಳುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಸರಿ. ಸುತ್ತ ರೂಟರ್‌ಗಳು ಕಿಕ್ಕಿರಿದಿದ್ದರೆ 40ಕ್ಕೆ ಇಳಿಸಿ, ಗರಿಷ್ಠ ವೇಗ ಕಡಿಮೆಯಾದರೂ ಓಟ ಸ್ಥಿರವಾಗುತ್ತದೆ. 52ರಿಂದ 144ರವರೆಗಿನ ಚಾನೆಲ್‌ಗಳು ರೇಡಾರ್‌ಗೂ ಸೇರಿದವು. ಅಲ್ಲಿ ರೂಟರ್ ಕನಿಷ್ಠ ಒಂದು ನಿಮಿಷ ಆಲಿಸಿಯೇ ಶುರು ಮಾಡುತ್ತದೆ, ರೇಡಾರ್ ಕೇಳಿಸಿದರೆ ಜಾಗ ಬಿಡುತ್ತದೆ. ಕೆಲವೊಮ್ಮೆ ವೈ-ಫೈ ದಿಢೀರನೆ ಮಾಯವಾಗಿ ಮರಳುವುದು ಇದರಿಂದಲೂ ಇರಬಹುದು.

ಭದ್ರತಾ ಸೆಟ್ಟಿಂಗ್‌ನಲ್ಲಿ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನ ಇದ್ದರೆ ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3ಕ್ಕೆ ಬದಲಿಸಿ. ಟಿಕೆಐಪಿ ಬಳಸುವ ಸಾಧನಕ್ಕೆ ವೈ-ಫೈ 4 ಹಾಗೂ ನಂತರದ ವೇಗಗಳು ಸಿಗುವುದೇ ಇಲ್ಲ, 54 ಎಂಬಿಪಿಎಸ್ ಲಿಂಕ್‌ಗೇ ನಿಲ್ಲುತ್ತದೆ.

ರೂಟರ್ ಪೆಟ್ಟಿಗೆಯ ಮೇಲಿನ 1200 ಎಂಬ ಅಂಕಿ ನೋಡಿ ಮೋಸ ಹೋಗಬೇಡಿ. ಅದು 2.4ರ 300 ಮತ್ತು 5ರ 867 ಕೂಡಿಸಿ ದುಂಡು ಮಾಡಿದ ಲೆಕ್ಕ. ಅಂಥ ರೂಟರ್‌ನಲ್ಲಿ ಫೋನ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬ್ಯಾಂಡ್ ಬಳಸುತ್ತದೆ.

ಕದಲದ ಸಾಧನಕ್ಕೆಲ್ಲ ಕೇಬಲ್

ಟಿವಿ, ಡೆಸ್ಕ್‌ಟಾಪ್, ಗೇಮ್ ಕನ್ಸೋಲ್ ಇದ್ದಲ್ಲೇ ಇರುವಂಥವು, ಅವಕ್ಕೆ ಕೇಬಲ್ ಹಾಕಿಬಿಡಿ. ಅವು ಗಾಳಿಯಿಂದ ಇಳಿದಷ್ಟೂ ಫೋನ್‌ಗಳಿಗೆ ಜಾಗವಾಗುತ್ತದೆ, ಹಾಗಾಗಿ ವೈ-ಫೈ ಸುಧಾರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಕ್ಯಾಟ್ 5ಇ ಕೇಬಲ್‌ನಲ್ಲಿ ಗಿಗಾಬಿಟ್ 100 ಮೀಟರ್‌ವರೆಗೆ ಓಡುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಬಿಟ್ಟು ಪೂರ್ತಿ ತಾಮ್ರದ್ದನ್ನೇ ತನ್ನಿ. ವಿದ್ಯುತ್ ವೈರ್ ಇರುವ ಪೈಪ್‌ನೊಳಗೆ ಎಳೆಯಬೇಡಿ.

ಮೂಲೆಯ ಕೋಣೆಗೆ ರಿಪೀಟರ್ ತರುವ ಮುನ್ನ ಯೋಚಿಸಿ. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಕಳಿಸುವ ರಿಪೀಟರ್ ಪ್ರತಿ ಪ್ಯಾಕೆಟನ್ನು ಎರಡು ಸಲ ಗಾಳಿಗೆ ಬಿಡುವುದರಿಂದ ವೇಗ ಸುಮಾರು ಅರ್ಧವಾಗುತ್ತದೆ. ಅದರ ಬದಲು ಅಲ್ಲಿಗೊಂದು ಕೇಬಲ್ ಎಳೆದು ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ವೈ-ಫೈ ಆಗಿ ಬಿತ್ತರಿಸುವ ಸಾಧನ) ಮಾಡಿಕೊಳ್ಳಿ. ಆ ಹೆಸರಿನ ಮೋಡ್ ಅದರಲ್ಲೇ ಇದ್ದರೆ ಆರಿಸಿದರೆ ಆಯಿತು. ಇಲ್ಲದಿದ್ದರೆ ಮೊದಲು ಅದನ್ನು ಕಂಪ್ಯೂಟರ್‌ಗೆ ಮಾತ್ರ ಜೋಡಿಸಿ, ಅದರ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮುಖ್ಯ ರೂಟರ್‌ನೊಂದಿಗೆ ಘರ್ಷಿಸದಂತೆ ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದು ಅದರ ಹಂಚಿಕೆ ಪಟ್ಟಿಯಲ್ಲಿ 192.168.1.2 ಇಲ್ಲದಿದ್ದರೆ ಅದನ್ನು ಕೊಡಬಹುದು. ನಂತರ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಇದನ್ನು ಮರೆತರೆ ಎರಡು ರೂಟರ್‌ಗಳೂ ವಿಳಾಸ ಹಂಚತೊಡಗಿ, ಕೆಲವು ಫೋನ್‌ಗಳಿಗೆ ಇಂಟರ್‌ನೆಟ್ಟೇ ಸಿಗುವುದಿಲ್ಲ. ಕೊನೆಗೆ ಕೇಬಲನ್ನು ಹಳೆಯ ರೂಟರ್‌ನ ವ್ಯಾನ್ (ಹೊರಗಿನ ಲೈನ್‌ನ) ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿ. ವೈ-ಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆಯಿರಲಿ.

ಇದಾದ ಮೇಲೂ ಫೋನ್ ಮೂಲೆಯ ಕೋಣೆಗೆ ಹೋದಾಗ ಹಜಾರದ ರೂಟರನ್ನೇ ಹಿಡಿದು ಕುಳಿತರೆ, ಹಜಾರದ ರೂಟರ್‌ನ ಪ್ರಸಾರ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಿ. ಯಾವುದಕ್ಕೆ ಅಂಟಿಕೊಳ್ಳಬೇಕು ಎಂದು ತೀರ್ಮಾನಿಸುವುದು ಫೋನೇ. ದೂರದ ಸಿಗ್ನಲ್ ಸಾಕಷ್ಟು ಕ್ಷೀಣಿಸಿದರೆ ಮಾತ್ರ ಅದು ಹತ್ತಿರದ್ದನ್ನು ಹುಡುಕಲು ಹೊರಡುತ್ತದೆ.