ಸ್ವಿಸ್ ಸೈನಿಕರ ಹಳೇ ಚಾಕು, ಹೊಸ ಚಾಕು: ಎರಡನ್ನೂ ಬಳಸಿ ನೋಡಿದ ಮೇಲೆ

ಸ್ವಿಸ್ ಆರ್ಮಿ ಚಾಕು ಅಂದ ಕೂಡಲೇ ಕೆಂಪು ಹಿಡಿ, ಸಣ್ಣ ಕತ್ತರಿ, ಕಾರ್ಕ್ ತೆಗೆಯುವ ತಿರುಪು ಕಣ್ಣ ಮುಂದೆ ಬರುತ್ತವೆ. ಆದರೆ ಅದು ಸಾಮಾನ್ಯ ಸೈನಿಕನ ಚಾಕು ಅಲ್ಲವೇ ಅಲ್ಲ. ಅದು 1897ರಲ್ಲಿ ಬಂದ ಅಧಿಕಾರಿಗಳ ಚಾಕುವಿನ ವಂಶದ್ದು. ಸೇನೆ ಅದನ್ನು ಹಂಚುತ್ತಿರಲಿಲ್ಲ, ಬೇಕಾದವರು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಸೈನಿಕನಿಗೆ ಸಿಗುತ್ತಿದ್ದ ಚಾಕುವಿನ ಕಥೆಯೇ ಬೇರೆ. ಅದರ ಮೊದಲ ಮಾದರಿ 1890ರದ್ದು. ಆಮೇಲೆ 1908, 1951, 1961, ಕೊನೆಗೆ 2008. ನನ್ನ ಹತ್ತಿರ ಇರುವುದು ಈ ಕೊನೆಯ ಎರಡು ಮಾದರಿಗಳು. 1961ರದ್ದು ಸೆಕೆಂಡ್ ಹ್ಯಾಂಡ್. ಅಲಗಿನ ಬುಡದಲ್ಲಿ ತಯಾರಾದ ವರ್ಷ ಅಂತ 87 ಎಂದು ಒತ್ತಿದ್ದಾರೆ. 2008ರದ್ದನ್ನು ಹೊಸದಾಗಿಯೇ ಕೊಂಡೆ.

ಹೊಸದನ್ನು ಕೊಂಡಾಗ ನನಗಿದ್ದ ಪ್ರಶ್ನೆ ಸರಳ. ಸುಮಾರು ಐದು ದಶಕ ಬದಲಾಗದೆ ಉಳಿದ ಚಾಕುವನ್ನು ಬಿಟ್ಟು ಇದನ್ನು ಮಾಡಿದ್ದಾರೆ ಅಂದರೆ, ಇದು ಹಳೆಯದಕ್ಕಿಂತ ಒಳ್ಳೆಯದಾಗಿರಬೇಕು ಅಲ್ವಾ? ಒಂದಷ್ಟು ಕಾಲ ಹಳೆಯದು, ಒಂದಷ್ಟು ಕಾಲ ಹೊಸದು ಅಂತ ಜೇಬಿನಲ್ಲಿಟ್ಟು ದಿನದ ಕೆಲಸಕ್ಕೆಲ್ಲ ಬಳಸಿದೆ. ಶುರು ಮಾಡುವ ಮುಂಚೆ ಎರಡನ್ನೂ ಒಂದೇ ಕಲ್ಲಿನ ಮೇಲೆ, ಒಂದೇ ಕೋನದಲ್ಲಿ ಸಾಣೆ ಹಿಡಿದಿದ್ದೆ. ಇಲ್ಲದಿದ್ದರೆ ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಮೊಂಡಾದ ಒಳ್ಳೆ ಚಾಕು ಹರಿತವಾದ ಕಳಪೆ ಚಾಕುವಿನ ಮುಂದೆ ಸೋಲುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಇವು ಒಂದೇ ಮನೆಯವು ಅಂತ ಅನಿಸುವುದೇ ಇಲ್ಲ. ಹಳೆಯದು 93 ಮಿಲಿಮೀಟರ್ ಉದ್ದ, ತೆಳ್ಳಗೆ, ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಿಡಿ. ಹಿಡಿಯ ಮೇಲೆ ಚೌಕುಳಿ ಚೌಕುಳಿಯಾಗಿ ಒತ್ತಿದ ಉಬ್ಬುಗಳು, ಒಂದು ಬದಿಯಲ್ಲಿ ಪುಟ್ಟ ಕೆಂಪು ಗುರಾಣಿ, ಅದರೊಳಗೆ ಬಿಳಿ ಶಿಲುಬೆ. ಒಳಗಿರುವುದು ನಾಲ್ಕೇ ಸಾಮಾನು: ಅಲಗು, ದಬ್ಬಳ, ಡಬ್ಬಿ ಓಪನರ್, ಬಾಟಲ್ ಓಪನರ್. ಎರಡು ಓಪನರ್‌ಗಳ ತುದಿಯೂ ಸ್ಕ್ರೂಡ್ರೈವರ್ ಆಗುತ್ತದೆ. ಹೊಸದು 111 ಮಿಲಿಮೀಟರ್. ಹಸಿರು ಪ್ಲಾಸ್ಟಿಕ್ ಹಿಡಿ, ಕೈ ಜಾರದ ಹಾಗೆ ಅಲ್ಲಲ್ಲಿ ರಬ್ಬರಿನಂಥ ಕಪ್ಪು ಭಾಗ. ಹಳೆಯದರಲ್ಲಿ ಇದ್ದದ್ದೆಲ್ಲ ಇದರಲ್ಲೂ ಇದೆ. ಜತೆಗೆ ಮರ ಕೊಯ್ಯುವ ಗರಗಸ, ಫಿಲಿಪ್ಸ್ (ಪ್ಲಸ್ ಆಕಾರದ ತುದಿಯ) ಸ್ಕ್ರೂಡ್ರೈವರ್, ಕೀ ರಿಂಗ್, ಮತ್ತೆ ಲಾಕ್. ತೂಕ 131 ಗ್ರಾಂ. ಹಳೆಯದು ಹೆಚ್ಚುಕಮ್ಮಿ ಅದರ ಅರ್ಧ.

ಅಳತೆ ಬರೀ 18 ಮಿಲಿಮೀಟರ್ ಬೆಳೆದಿದೆ. ಆದರೆ ಜೇಬಿಗೆ ಗೊತ್ತಾಗುವುದು ಉದ್ದಕ್ಕಿಂತ ದಪ್ಪ. ಹಳೆಯದು ಜೇಬಿನಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಹೊಸದು ಕೂತಾಗ ತೊಡೆಗೆ ಒತ್ತುತ್ತದೆ, ನಡೆದಾಗ ಓಲಾಡುತ್ತದೆ. ಬೆಲ್ಟಿಗೆ ಚೀಲ ಸಿಗಿಸಿ ಅದರಲ್ಲಿ ಇಟ್ಟ ಮೇಲೆ ತೊಂದರೆ ತಪ್ಪಿತು. ಬೆನ್ನಚೀಲವೂ ಆಗಬಹುದು. ಒಟ್ಟಿನಲ್ಲಿ ಇದು ಪ್ಯಾಂಟಿನ ಜೇಬಿಗೆ ಅಂತ ಮಾಡಿದ್ದಲ್ಲ.

ಇನ್ನು ಅಲಗು. ಹಳೆಯದನ್ನು ತೆರೆಯಲು ಎರಡು ಕೈ ಬೇಕು. ಅಲಗಿನ ಮೇಲಿನ ಗೀರಿಗೆ ಉಗುರು ಸಿಗಿಸಿ ಎಳೆಯಬೇಕು. ಕೈ ಒದ್ದೆಯಾಗಿದ್ದರೆ, ಚಳಿಗೆ ಬೆರಳು ಮರಗಟ್ಟಿದ್ದರೆ ಇದೇ ಒಂದು ಕೆಲಸವಾಗುತ್ತದೆ. ಕೈಗವಸು ಹಾಕಿಕೊಂಡು ತೆರೆಯಲು ನನಗಂತೂ ಆಗಲಿಲ್ಲ. ಹೊಸದರ ಅಲಗಿನಲ್ಲಿ ಉದ್ದುದ್ದ ತೂತು ಇದೆ. ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಅಲಗು ಪೂರ್ತಿ ಹೊರಗೆ ಬಂದು ಲಾಕ್ ಆಗಿ ನಿಲ್ಲುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ತೆರೆದು ಮುಚ್ಚಿದೆ, ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಂಡಿರುವವನಿಗೆ ಇದರ ಬೆಲೆ ಗೊತ್ತಾಗುತ್ತದೆ. ಸೇನೆ ಮಾದರಿ ಬದಲಿಸಿದ್ದು ಯಾಕೆ ಅಂತ ನನಗೆ ಕೇಳಿದರೆ, ಇದೊಂದನ್ನೇ ತೋರಿಸುತ್ತೇನೆ.

ಲಾಕ್ ಬಗ್ಗೆ ಒಂದು ಮಾತು. ಹಳೆಯದರಲ್ಲಿ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ ಅಷ್ಟೇ. ನೇರ ಕೊಯ್ಯುವಾಗ ಏನೂ ತೊಂದರೆಯಿಲ್ಲ, ಕೊಯ್ಯುವ ಒತ್ತಡವೇ ಅಲಗನ್ನು ತೆರೆದ ದಿಕ್ಕಿಗೆ ತಳ್ಳುತ್ತಿರುತ್ತದೆ. ಮೊನೆಯಿಂದ ಚುಚ್ಚಿ ತಿರುಗಿಸುವ ಕೆಲಸಕ್ಕೆ ಇಳಿದರೆ ಮಾತ್ರ ಅಲಗು ಬೆರಳ ಮೇಲೆ ಮಡಚಿಕೊಳ್ಳುವ ಭಯ. ಹಳೆಯದನ್ನು ಬಳಸುವವರು ಆ ಕೆಲಸಕ್ಕೆ ದಬ್ಬಳವನ್ನೇ ತೆಗೆಯುತ್ತಾರೆ, ಅದು ಇರುವುದೇ ಅದಕ್ಕೆ. ಹೊಸದರಲ್ಲಿ ಆ ಯೋಚನೆ ಕಡಿಮೆ. ಹಾಗಂತ ಮಡಚುವ ಚಾಕುವಿನ ಲಾಕನ್ನು ಪೂರ್ತಿ ನಂಬಬೇಕು ಅಂತಲ್ಲ. ಒಳಗಿರುವುದು ಒಂದು ತೆಳು ಲೋಹದ ಪಟ್ಟಿ. ಅದು ಕಸ ಸಿಕ್ಕಿಕೊಂಡು ಪೂರ್ತಿ ಕೂರದೆ ಇರಬಹುದು. ಅಲಗು ತೆರೆದ ಮೇಲೆ ಪಟ್ಟಿ ಸರಿಯಾಗಿ ಕೂತಿದೆಯಾ ಅಂತ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

ನಾನು ಜಾಸ್ತಿ ತಲೆಕೆಡಿಸಿಕೊಂಡಿದ್ದು ಅಂಚಿನ ವಿಷಯದಲ್ಲಿ. ಹಳೆಯದರದ್ದು ಬುಡದಿಂದ ಮೊನೆಯವರೆಗೂ ಸಾದಾ ಅಂಚು. ಹೊಸದರ ಅಲಗಿನಲ್ಲಿ ಮುಂಭಾಗಕ್ಕೆ ಅಲೆಯಂಥ ಹಲ್ಲು, ಹಿಡಿಯ ಹತ್ತಿರ ಸಾದಾ ಅಂಚು. ಬೇರೆ ಎಷ್ಟೋ ಚಾಕುಗಳಲ್ಲಿ ಇದು ತಿರುಗಾಮುರುಗಾ ಇರುತ್ತದೆ, ಹಲ್ಲು ಹಿಡಿಯ ಬಳಿ, ಸಾದಾ ಅಂಚು ಮುಂದೆ. ಮೊದಮೊದಲು ಇದು ಯಾಕೆ ಹೀಗೆ ಅಂತ ಹೊಳೆಯಲಿಲ್ಲ. ಕಟ್ಟಿಗೆ ಕೆತ್ತುವಾಗ ಉತ್ತರ ಸಿಕ್ಕಿತು. ಕೆತ್ತಲು ಬಲ ಬೇಕು, ಬಲ ಸಿಗುವುದು ಕೈಗೆ ಹತ್ತಿರದ ಅಂಚಿನಲ್ಲಿ. ಆ ಜಾಗ ಸಾದಾ ಇದ್ದರೆ ಸಿಪ್ಪೆ ನುಣ್ಣಗೆ ಏಳುತ್ತದೆ. ಹಗ್ಗ, ಪಟ್ಟಿ ಕತ್ತರಿಸುವಾಗ ಎಳೆದು ಕೊಯ್ಯುತ್ತೇವೆ, ಆಗ ಮುಂದಿನ ಹಲ್ಲು ಕಚ್ಚಿಕೊಳ್ಳುತ್ತದೆ. ನೈಲಾನ್ ಹಗ್ಗವನ್ನು ಹೊಸ ಚಾಕು ಒಂದೇ ಎಳೆತಕ್ಕೆ ದಾಟಿತು. ಹಳೆಯದು ಅದೇ ಹಗ್ಗದ ಮೇಲೆ ಸ್ವಲ್ಪ ಜಾರಿತು, ಎರಡು ಮೂರು ಸಲ ಎಳೆಯಬೇಕಾಯಿತು.

ಆದರೆ ದಿನವೂ ಹಗ್ಗ ಕೊಯ್ಯುವವರು ಎಷ್ಟು ಜನ? ನನ್ನ ಚಾಕುವಿಗೆ ಸಿಗುವ ಕೆಲಸ ಪಾರ್ಸೆಲ್ಲಿನ ಟೇಪು, ರಟ್ಟು, ದಾರ, ಹಣ್ಣು, ಪೆನ್ಸಿಲ್. ಇವೆಲ್ಲದಕ್ಕೂ ಮೊನೆಯ ಹತ್ತಿರದ ಅಂಚೇ ಬೇಕು. ಅಲ್ಲೇ ಹಲ್ಲು ಇದ್ದರೆ ಟೇಪು ಹರಿಯುತ್ತದೆ, ರಟ್ಟಿನ ಅಂಚು ಪುಡಿಯಾಗುತ್ತದೆ, ಹಣ್ಣಿನ ಸಿಪ್ಪೆ ತೆಗೆಯಲು ಹೋದರೆ ಹಣ್ಣೇ ಗಾಯವಾಗುತ್ತದೆ. ಈ ಕೆಲಸಗಳಲ್ಲಿ ಹಳೇ ಚಾಕುವೇ ಮೇಲು, ಅದರಲ್ಲಿ ಅನುಮಾನವಿಲ್ಲ. ಹೊಸದರಲ್ಲಿ ಪೂರ್ತಿ ಸಾದಾ ಅಲಗು ಕೊಟ್ಟಿದ್ದರೆ ನಾನು ಇಷ್ಟು ಗೊಣಗುತ್ತಿರಲಿಲ್ಲ.

ಸಾಣೆಗೆ ಬಂದರೆ ಈ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ. ತಯಾರಕರಾದ ವಿಕ್ಟೋರಿನಾಕ್ಸ್ ಹೇಳುವುದು ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಅಲಗಿನ ಗಡಸುತನ ರಾಕ್‌ವೆಲ್ ಲೆಕ್ಕದಲ್ಲಿ 56. ಹಾಗೆಂದರೆ ತುಂಬಾ ಗಡಸೇನೂ ಅಲ್ಲ. ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಹಳೆಯದನ್ನು ಸಾಮಾನ್ಯ ಸಾಣೆಕಲ್ಲಿನ ಮೇಲೆ ಆ ಬದಿಗೊಂದಷ್ಟು, ಈ ಬದಿಗೊಂದಷ್ಟು ಉಜ್ಜಿ, ಚರ್ಮದ ಪಟ್ಟಿಯ ಮೇಲೆ ಎಳೆದರೆ ಕಾಗದ ಸದ್ದಿಲ್ಲದೆ ಸೀಳುತ್ತದೆ. ಹೊಸದರ ಹಲ್ಲಿಗೆ ಚಪ್ಪಟೆ ಕಲ್ಲು ನಡೆಯುವುದಿಲ್ಲ. ತುದಿಗೆ ಸಣ್ಣಗಾಗುತ್ತಾ ಹೋಗುವ ದುಂಡನೆ ಸಾಣೆ ಕಡ್ಡಿ ಬೇಕು. ಹಲ್ಲು ಕಡಿದಿರುವುದು ಒಂದೇ ಬದಿಯಲ್ಲಿ. ಆ ಬದಿಯಿಂದ ಒಂದೊಂದೇ ಅಲೆಯೊಳಗೆ ಕಡ್ಡಿ ಇಟ್ಟು ತಿರುಗಿಸುತ್ತಾ ಉಜ್ಜಬೇಕು. ಆಚೆ ಬದಿಯಲ್ಲಿ ಉಗುರಿಗೆ ತಾಗುವ ಹಾಗೆ ಸಣ್ಣ ಗರಿ ಏಳುತ್ತದೆ, ಅದನ್ನು ಅಲಗು ಪೂರ್ತಿ ಮಲಗಿಸಿ ಹಗುರವಾಗಿ ಉಜ್ಜಿ ತೆಗೆಯಬೇಕು. ಕಷ್ಟವೇನಲ್ಲ, ತಾಳ್ಮೆ ಬೇಕು. ಹಲ್ಲಿನ ಅಂಚು ಹರಿತ ಕಳೆದುಕೊಳ್ಳುವುದು ನಿಧಾನ ಅನ್ನುವುದೂ ನಿಜ. ಮೇಲಿನ ಚೂಪುಗಳು ಸವೆದರೂ ಒಳಗಿನ ಗುಳಿಗಳು ಕೊಯ್ಯುತ್ತಲೇ ಇರುತ್ತವೆ.

ಹೊಸದು ಹಳೆಯದನ್ನು ಎಲ್ಲೂ ಸಮಕ್ಕೆ ಬಾರದ ಹಾಗೆ ಸೋಲಿಸುವುದು ಗರಗಸದಲ್ಲಿ. ಹೆಬ್ಬೆರಳು ದಪ್ಪದ ಒಣ ಕೊಂಬೆ ಹಳೇ ಚಾಕುವಿಗೆ ಬೆವರಿಳಿಸುವ ಕೆಲಸ. ಸುತ್ತಲೂ ಗಾಯ ಮಾಡಿ ಮುರಿಯಬೇಕು. ಹೊಸದರ ಗರಗಸ ಅದನ್ನು ನೋಡನೋಡುತ್ತಲೇ ಕತ್ತರಿಸಿ ಹಾಕುತ್ತದೆ, ಎಳೆಯುವಾಗಲೂ ತಳ್ಳುವಾಗಲೂ ಕೊಯ್ಯುತ್ತದೆ. ಅವಸರ ಮಾಡಿ ಒತ್ತಬಾರದು ಅಷ್ಟೇ. ಅದರ ಹಲ್ಲುಗಳನ್ನು ಮಾತ್ರ ಮನೆಯಲ್ಲಿ ಸಾಣೆ ಹಿಡಿಯಲು ನಾನು ಹೋಗಿಲ್ಲ, ಹೋಗುವುದೂ ಇಲ್ಲ.

ಸ್ಕ್ರೂ ವಿಷಯದಲ್ಲಿ ಲೆಕ್ಕ ಅಷ್ಟು ನೇರವಿಲ್ಲ. ಹೊಸದರ ದೊಡ್ಡ ಸ್ಕ್ರೂಡ್ರೈವರ್ ಲಾಕ್ ಆಗುತ್ತದೆ, ಹಿಡಿಯೂ ದಪ್ಪ. ಬಿಗಿದ ಸ್ಕ್ರೂ ಬಿಚ್ಚಲು ಇದು ಹೇಳಿ ಮಾಡಿಸಿದ್ದು. ಫಿಲಿಪ್ಸ್ ಬೆನ್ನಿನ ಕಡೆಯಿಂದ ಹೊರಗೆ ಬರುತ್ತದೆ. ಹಿಡಿ ಅದಕ್ಕೆ ಅಡ್ಡವಾಗಿ ನಿಲ್ಲುವುದರಿಂದ ಬಲ ಚೆನ್ನಾಗಿ ಸಿಗುತ್ತದೆ, ಆದರೆ ಮೂಲೆಯಲ್ಲಿ, ಗೋಡೆಯ ಪಕ್ಕದಲ್ಲಿ ಸ್ಕ್ರೂ ಇದ್ದರೆ ಹಿಡಿ ತಿರುಗಲು ಜಾಗವೇ ಇರುವುದಿಲ್ಲ. ಹಳೆಯದರಲ್ಲಿ ಫಿಲಿಪ್ಸ್ ಇಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಡಬ್ಬಿ ಓಪನರ್ ತುದಿಯ ಸಣ್ಣ ಚಪ್ಪಟೆ ಭಾಗ ಸಾಧಾರಣ ಫಿಲಿಪ್ಸ್ ಸ್ಕ್ರೂಗಳಿಗೂ ಹಿಡಿಯುತ್ತದೆ. ಅದು ಹಿಡಿಗೆ ನೇರವಾಗಿ ನಿಲ್ಲುವುದರಿಂದ ಮೂಲೆಗೂ ಹೋಗುತ್ತದೆ. ಹಾಗಾಗಿ ಇಲ್ಲಿ ಹೊಸದಕ್ಕೆ ಅರ್ಧ ಗೆಲುವು ಕೊಡುತ್ತೇನೆ. ಡಬ್ಬಿ, ಬಾಟಲಿ ತೆರೆಯುವುದರಲ್ಲಿ ಎರಡೂ ಒಂದೇ.

ಹಿಡಿಯ ಬಾಳಿಕೆಯಲ್ಲಿ ನನ್ನ ಮನಸ್ಸು ಹಳೆಯದರ ಕಡೆಗೆ. ಅಲ್ಯೂಮಿನಿಯಂ ಗೀಚು ಬೀಳುತ್ತದೆ, ಒಡೆಯುವುದಿಲ್ಲ. ನನ್ನದರ ಮೂಲೆಗಳಲ್ಲಿ ಮೇಲ್ಪದರ ಸವೆದಿದೆ, ಬಿಟ್ಟರೆ ಗಟ್ಟಿಯಾಗಿದೆ. ಒದ್ದೆ ಕೈಯಲ್ಲಿ ಹಿಡಿದುಕೊಳ್ಳಲು ಹೊಸದರ ಪ್ಲಾಸ್ಟಿಕ್ಕೇ ಹಿತ. ತೊಳೆಯುವುದು ಎರಡಕ್ಕೂ ಒಂದೇ ರೀತಿ: ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಮುಳುಗಿಸಿ, ಒಳಗೇ ಎಲ್ಲವನ್ನೂ ತೆರೆದು ಮುಚ್ಚಿ, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ. ಹೊಸದರಲ್ಲಿ ಸಂದುಗೊಂದುಗಳು ಜಾಸ್ತಿ, ಗರಗಸದ ಪುಡಿ ಹೊರಗೆ ಬರಲು ಸತಾಯಿಸುತ್ತದೆ.

ಈ ಹೊಸ ಮಾದರಿ ಹುಟ್ಟುವಾಗ ಸ್ವಿಟ್ಜರ್‌ಲೆಂಡಿನಲ್ಲಿ ಸಣ್ಣ ಗಲಾಟೆಯೇ ಆಗಿತ್ತು. ಸೇನೆ ಮುಕ್ತ ಟೆಂಡರ್ ಕರೆದದ್ದರಿಂದ, ಸ್ವಿಸ್ ಸೈನಿಕನ ಚಾಕು ಚೀನಾದಲ್ಲಿ ತಯಾರಾದರೆ ಏನು ಗತಿ ಅಂತ ಜನ ಸಿಟ್ಟಾದರು. ಕೊನೆಗೆ ಗೆದ್ದದ್ದು ಸ್ವಿಟ್ಜರ್‌ಲೆಂಡಿನದೇ ಆದ ಈಬಾಖ್ ಊರಿನ ವಿಕ್ಟೋರಿನಾಕ್ಸೇ. ವಿಚಿತ್ರ ಏನೆಂದರೆ, 1890ರ ಮೊದಲ ಮಾದರಿಯ ಚಾಕುಗಳು ಶುರುವಿನಲ್ಲಿ ತಯಾರಾಗಿದ್ದು ಜರ್ಮನಿಯಲ್ಲಿ!

ಇನ್ನೊಂದು ವಿಷಯ, ಕೊಳ್ಳುವ ಮುಂಚೆ ಗೊತ್ತಿರಬೇಕಾದ್ದು. ಹೊಸದರ ಎರಡು ದೊಡ್ಡ ಸುಧಾರಣೆಗಳೇ, ಅಂದರೆ ಒಂದು ಕೈಯಲ್ಲಿ ತೆರೆಯುವುದು ಮತ್ತು ಲಾಕ್, ಕೆಲವು ದೇಶಗಳಲ್ಲಿ ತಲೆನೋವು. ಜರ್ಮನಿಯಲ್ಲಿ 2008ರಿಂದ ಇಂಥ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಒಯ್ಯುವಂತಿಲ್ಲ. ಬ್ರಿಟನ್ನಿನಲ್ಲಿ ಕಾರಣ ಕೇಳದೆ ಬಿಡುವುದು ಲಾಕ್ ಇಲ್ಲದ, 3 ಇಂಚಿಗಿಂತ ಉದ್ದವಲ್ಲದ ಮಡಚುವ ಅಲಗನ್ನು ಮಾತ್ರ. ಪ್ರಯಾಣ ಮಾಡುವವರು ಹೋಗುವ ಜಾಗದ ಕಾನೂನು ನೋಡಿಕೊಳ್ಳಬೇಕು.

ನಾನು ಈಗ ಪೇಟೆಯಲ್ಲಿ ಓಡಾಡುವಾಗ ಹಳೆಯದನ್ನು, ಚಾರಣಕ್ಕೆ ಹೊರಟರೆ ಹೊಸದನ್ನು ಒಯ್ಯುತ್ತೇನೆ. ಒಂದನ್ನೇ ಇಟ್ಟುಕೋ ಅಂದರೆ ಹಳೆಯದು. ಹೊಸದು ಜಾಸ್ತಿ ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ಬೇಕಾದ ಹೊತ್ತಿಗೆ ಅದು ಹೆಚ್ಚಾಗಿ ಮನೆಯಲ್ಲೇ ಇರುತ್ತದೆ.

1961ರ ಮಾದರಿಯ ತಯಾರಿಕೆ ನಿಂತಿರುವುದರಿಂದ ಸೆಕೆಂಡ್ ಹ್ಯಾಂಡೇ ಗತಿ. ಕೊಳ್ಳುವಾಗ ಅಲಗನ್ನು ತೆರೆದು ಮುಚ್ಚಿ ಸದ್ದು ಕೇಳಿ, ಟಕ್ ಅಂತ ಗಟ್ಟಿಯಾಗಿ ಬರಬೇಕು. ತೆರೆದ ಅಲಗನ್ನು ಬೆನ್ನಿನ ಕಡೆ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಅಲಗು ಸಾಣೆಗೆ ಸವೆದು ತೆಳ್ಳಗಾಗಿದ್ದರೆ, ಮುಚ್ಚಿದಾಗ ಮೊನೆ ಹಿಡಿಯಿಂದ ಇಣುಕುತ್ತಿದ್ದರೆ ಬಿಟ್ಟುಬಿಡಿ. ಹಿಡಿಯ ಮೇಲಿನ ಗೀಚುಗಳಿಗೆ ಮಾತ್ರ ಹೆದರಬೇಡಿ, ಅದನ್ನೇ ತೋರಿಸಿ ಬೆಲೆ ಇಳಿಸಬಹುದು.